ಗಾದಿ ಚಾಚಾನಿಗೆ ಮರುನಿಕಾಹ್

ಫತ್ವಾ ಕೇಳುವ ಪ್ರಶ್ನೆಯಲ್ಲಿ ಯಾರ ಹೆಸರನ್ನೂ ಬರೆಯುವ ರೂಢಿಯಿಲ್ಲ. ಗಂಡಸಾದರೆ ಜೈದ್, ಹೆಂಗಸಾದರೆ ಹಿಂದಾ. ‘ಜೈದ್ ಹೀಗೆ ಮಾಡಿದ್ದಾನೆ, ಶರೀಅತ್ತಿನ ಪ್ರಕಾರ ಅವನ ಸ್ಥಿತಿ ಏನು?’ ಎಂದು ಕೇಳಬೇಕು. ಉತ್ತರ ಬರೆಯುವ ಮುಫ್ತಿಗೆ ಆ ಜೈದ್ ಯಾವ ಊರಿನವನು, ಬಡವನೋ ಶ್ರೀಮಂತನೋ ಗೊತ್ತಾಗಬಾರದು. ಮುಖ ನೋಡಿ ನ್ಯಾಯ ಹೇಳಬಾರದು ಎಂಬ ಒಳ್ಳೆಯ ಯೋಚನೆಯಿಂದ ಬಂದ ಪದ್ಧತಿ ಅದು. ಮದರಸಾದಲ್ಲಿ ಕಲಿಯುವಾಗ ನನಗೆ ಬಹಳ ಹಿಡಿಸಿತ್ತು. ಅದೇ ಪದ್ಧತಿಯಲ್ಲಿ ನಾನು ಬರೆದ ಒಂದು ಪ್ರಶ್ನೆಯಿಂದ ಏನಾಯಿತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪೇಟೆ. ಹೆಸರು ಬೇಡ. ಅಲ್ಲಿನ ಮೇಲಿನ ಮಸೀದಿಗೆ ನಾನು ಇಮಾಮನಾಗಿದ್ದೆ. ನನ್ನ ಊರು ಹಾನಗಲ್ ಕಡೆ, ಹಾಗಾಗಿ ನನ್ನ ಮಾತು ಅಲ್ಲಿಯವರಿಗೆ ಸ್ವಲ್ಪ ಬೇರೆಯಾಗಿ ಕೇಳಿಸುತ್ತಿತ್ತು. ಮನೆಯೊಳಗೆ ನಾವೆಲ್ಲ ಆಡುವುದು ಉರ್ದು, ಅದೂ ಅರ್ಧ ಕನ್ನಡ ಬೆರೆಸಿದ ಉರ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೇಲಿನ ಮಸೀದಿ ಎಂದ ಮೇಲೆ ಕೆಳಗಿನದೂ ಇರಬೇಕಲ್ಲ. ಮೊದಲು ಒಂದೇ ಇತ್ತು. ನಾನು ಅಲ್ಲಿಗೆ ಹೋಗುವುದಕ್ಕೆ ಕೆಲವು ವರ್ಷ ಮೊದಲು ಜಮಾತು ಒಡೆದು, ಬಸ್ ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ತಗಡಿನ ಮಾಡಿನ ಎರಡನೆಯದು ಎದ್ದಿತು. ಎರಡೂ ಕಡೆ ಓದುವುದು ಅದೇ ಕುರಾನ್. ಐದು ಹೊತ್ತಿನ ನಮಾಜಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೇಲಿನವರು ದರ್ಗಾಕ್ಕೆ ಹೋಗುತ್ತಾರೆ, ಸತ್ತವರ ಹೆಸರಿನಲ್ಲಿ ಫಾತಿಹಾ ಓದಿಸುತ್ತಾರೆ, ಶುಕ್ರವಾರ ನಮಾಜಾದ ಮೇಲೆ ಎದ್ದು ನಿಂತು ಪ್ರವಾದಿಯವರಿಗೆ ಸಲಾಂ ಹಾಡುತ್ತಾರೆ. ಇದ್ಯಾವುದೂ ಪ್ರವಾದಿಯವರ ಕಾಲದಲ್ಲಿ ಇರಲಿಲ್ಲ, ಆಮೇಲೆ ಸೇರಿಸಿದ್ದು ಎಂದು ಕೆಳಗಿನವರ ವಾದ. ಪ್ರವಾದಿಯವರ ಮೇಲೆ ಪ್ರೀತಿ ಕಡಿಮೆಯಾದವರು ಮಾತ್ರ ಹಾಗೆ ಹೇಳುತ್ತಾರೆ ಎಂದು ನಮ್ಮವರ ವಾದ. ಎರಡು ಕಡೆಯವರಿಗೂ ಅವರವರ ಹಿರಿಯರು ಬರೆದ ಪುಸ್ತಕಗಳಿದ್ದವು. ವಾದ ಬೆಳೆದು, ಅವರ ಇಮಾಮನ ಹಿಂದೆ ನಿಂತರೆ ನಮಾಜೇ ಆಗುವುದಿಲ್ಲ ಎಂಬಲ್ಲಿಗೆ ಬಂದಿತ್ತು. ಖಬರಸ್ಥಾನ ಒಂದೇ ಉಳಿದಿತ್ತು. ಎರಡನೆಯದಕ್ಕೆ ಜಾಗ ಸಿಕ್ಕಿರಲಿಲ್ಲ.

ಪೇಟೆಯಲ್ಲಿ ಹತ್ತಿಯ ಹಾಸಿಗೆ, ಅಂದರೆ ಗಾದಿ ಮಾಡುವ ಒಬ್ಬ ಮುದುಕ ಇದ್ದ. ಎಲ್ಲರೂ ಅವನನ್ನು ಗಾದಿ ಚಾಚಾ ಎನ್ನುತ್ತಿದ್ದರು. ಅವನು ಹತ್ತಿ ಹಿಂಜುತ್ತಿದ್ದ, ಅವನ ಹೆಂಡತಿ ದಬ್ಬಳ ಹಿಡಿದು ಹೊಲಿಗೆ ಹಾಕುತ್ತಿದ್ದಳು. ಹೆಂಡತಿ ಸಿದ್ದಾಪುರದ ಕಡೆಯವಳು, ಮಾತು ಜೋರು. ಇವನು ಮೆತ್ತಗೆ. ಇಬ್ಬರ ತಲೆಗೂದಲಲ್ಲಿ ನರೆ ಯಾವುದು, ಹತ್ತಿ ಯಾವುದು ಗೊತ್ತಾಗುತ್ತಿರಲಿಲ್ಲ. ಚಾಚಾ ನಮ್ಮ ಮಸೀದಿಗೆ ಬರುತ್ತಿದ್ದ. ಅದೇ ಕೆಲಸದ ಅವನ ತಮ್ಮ ಮಾತ್ರ ಒಡಕಿನ ಹೊತ್ತಿಗೆ ಕೆಳಗಿನವರ ಜೊತೆ ಹೋಗಿದ್ದ. ಅಣ್ಣತಮ್ಮ ಬೇರೆ ಬೇರೆ ಮಸೀದಿಯಲ್ಲಿ ನಮಾಜು ಮುಗಿಸಿ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು.

ಆ ತಮ್ಮ ಎದೆನೋವೆಂದು ಯಲ್ಲಾಪುರದ ಆಸ್ಪತ್ರೆಗೆ ಹೋದವನು ಹೆಣವಾಗಿ ಬಂದ.

ಜನಾಜಾ ನಮಾಜು ಖಬರಸ್ಥಾನದ ಎದುರಿನ ಬಯಲಿನಲ್ಲಿ ನಡೆಯಿತು. ಮುಂದೆ ನಿಂತವರು ಕೆಳಗಿನ ಮಸೀದಿಯ ಇಮಾಮರು. ನಮ್ಮ ಕಡೆಯವರೂ ಬಹಳ ಜನ ಬಂದಿದ್ದರು. ಸತ್ತವನು ಎಲ್ಲರಿಗೂ ಬೇಕಾದವನು. ಆದರೆ ಸಾಲು ಕಟ್ಟುವ ಹೊತ್ತಿಗೆ ನಾವು ಒಬ್ಬೊಬ್ಬರಾಗಿ ಹಿಂದೆ ಸರಿದು ರಸ್ತೆಯ ಬದಿಯಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತೆವು. ನಮಾಜು ಮುಗಿದ ಮೇಲೆ ಹೋಗಿ ಮಣ್ಣು ಹಾಕುವುದೆಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ನಾನು ಇಮಾಮ, ಹಾಗಾಗಿ ಎಲ್ಲರಿಗಿಂತ ಮುಂದೆ ನಿಂತಿದ್ದೆ. ಹಿಂದೆ ನಿಂತವರಲ್ಲಿ ಮುಂದೆ.

ನಮ್ಮ ಪಕ್ಕದಲ್ಲಿ ಒಬ್ಬರು ಅಡಿಕೆ ತೋಟದ ಹೆಗಡೆಯವರು ನಿಂತಿದ್ದರು. ಸತ್ತವನು ಅವರ ಮನೆಗೆ ವರ್ಷವರ್ಷ ಗಾದಿ ಬಿಸಿಲಿಗೆ ಹಾಕಿ ಹತ್ತಿ ಬದಲಿಸಲು ಹೋಗುತ್ತಿದ್ದನಂತೆ. ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ನೀವು ಎಂತಕ್ಕೆ ಇಲ್ಲೇ ನಿಂತ್ರಿ? ನಾವಾದ್ರೆ ಬೇರೆ. ಅಲ್ಲಿ ಹೋಗಿ ನಿಂತ್ಕಳೂಕೆ ನಮಗೆ ಬರೂದಿಲ್ಲ. ನಿಮ್ದೇ ಜನ ಅಲ್ದಾ?”

“ವಜೂ ಇಲ್ಲರೀ” ಎಂದೆ. “ಅಂದ್ರ, ಕೈಕಾಲು ತೊಳದಿಲ್ಲ.”

“ಅಲ್ಲಿ ನಲ್ಲಿ ಇದ್ದಲ್ಲ” ಎಂದು ಅವರು ಖಬರಸ್ಥಾನದ ಗೋಡೆಯ ಕಡೆ ಕೈ ತೋರಿಸಿದರು. ನಿಜವಾಗಿಯೂ ಸಹಾಯ ಮಾಡಲೆಂದೇ ಹೇಳಿದ್ದು. ನಾನು ಆ ನಲ್ಲಿಯ ಕಡೆ ನೋಡಿದೆ. ಅವರು ನನ್ನ ಮುಖ ನೋಡಿ, ಏನೋ ಅರ್ಥವಾದವರಂತೆ ತಮ್ಮ ಜೊತೆಗೆ ಬಂದವರ ಹತ್ತಿರ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ಅವರ ಮಾತು ಕಿವಿಗೆ ಬಿತ್ತು: “ಅವ್ರಲ್ಲೂ ಎರಡು ಇದ್ದಡ ಮಾರಾಯಾ. ಆನು ಒಂದೇ ಹೇಳಿ ತಿಳ್ಕಂಡಿದ್ದಿ.”

ಅಷ್ಟರಲ್ಲಿ ನಮ್ಮ ಗುಂಪಿನಿಂದ ಗಾದಿ ಚಾಚಾ ಚಪ್ಪಲಿ ಬಿಟ್ಟು, ರಸ್ತೆ ದಾಟಿ, ಮೊದಲನೆಯ ಸಾಲಿನಲ್ಲಿ ಹೋಗಿ ನಿಂತ. ಯಾರ ಮುಖವನ್ನೂ ನೋಡಲಿಲ್ಲ. ತಮ್ಮನ ಜನಾಜಾ. ಕೆಳಗಿನ ಇಮಾಮರು ‘ಅಲ್ಲಾಹು ಅಕ್ಬರ್’ ಎಂದು ಹೇಳಿದ ತಕ್ಬೀರಿಗೆ ಅವನೂ ಕೈ ಕಟ್ಟಿದ. ನಮ್ಮವರಲ್ಲಿ ಒಬ್ಬ ಅದನ್ನು ಫೋನಿನಲ್ಲಿ ಹಿಡಿದುಕೊಂಡ.

ಆ ಫೋಟೋ ಮಸೀದಿಯ ವಾಟ್ಸಾಪ್ ಗುಂಪಿಗೆ ಬಂತು. ಅದರ ಕೆಳಗೆ ಯಾವುದೋ ಊರಿನ ಭಾಷಣಕಾರನ ಆಡಿಯೊ ಬಂತು: ಅಂಥವರ ಹಿಂದೆ ನಿಂತವನ ಈಮಾನು ಹೋಯಿತು, ಅವನು ಧರ್ಮದಿಂದ ಹೊರಗಾದ, ಹಾಗಾಗಿ ನಿಕಾಹ್ ಮುರಿಯಿತು. ಶುಕ್ರವಾರ ನಮಾಜಾದ ಮೇಲೆ ಕಮಿಟಿ ಸೇರಿತು. ಅಧ್ಯಕ್ಷರು ಕಟ್ಟಿಗೆ ಡಿಪೋ ಇಟ್ಟುಕೊಂಡವರು. ಕೆಟ್ಟವರೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಮಸೀದಿ ಸೋರಿದರೆ ತಾವೇ ಮಾಡು ಹತ್ತುವ ಮನುಷ್ಯ.

“ಹಜರತ್, ಒಬ್ಬನಿಗೆ ಬಿಟ್ರೆ ನಾಳೆ ಎಲ್ಲರೂ ಹೋಗ್ತಾರೆ” ಎಂದರು. “ಮಸೀದಿ ಒಡೆದಾಗ ನಾವು ಎಷ್ಟು ಕಷ್ಟಪಟ್ಟು ಇದನ್ನ ಉಳಿಸ್ಕೊಂಡಿದ್ದು ನಿಮಗೆ ಗೊತ್ತಿಲ್ಲ. ಸುಮ್ನೆ ಬಾಯಲ್ಲಿ ಹೇಳೋದು ಬೇಡ. ದಾರುಲ್ ಇಫ್ತಾಕ್ಕೆ ಬರೆದು ಕೇಳುವಾ.”

ದಾರುಲ್ ಇಫ್ತಾ ಎಂದರೆ ಫತ್ವಾ ಕೊಡುವ ಕಚೇರಿ. ಅಂದವಾಗಿ ಉರ್ದು ಬರೆಯುವವನು ನಾನೊಬ್ಬನೇ. ಕಾಗದ ತಂದು ಕೂತೆ. ‘ಜೈದ್‌ನ ತಮ್ಮ ತೀರಿಕೊಂಡಾಗ’ ಎಂದು ಶುರು ಮಾಡಿದೆ.

ಅಧ್ಯಕ್ಷರು ಬಗ್ಗಿ ನೋಡಿ, “ತಮ್ಮ ಗಿಮ್ಮ ಎಂತಕ್ಕೆ? ಶರೀಅತ್ತಿನ ಮಸ್‌ಅಲಾ ಕೇಳೋದು, ಕಥೆ ಅಲ್ಲ” ಎಂದರು.

“ಅದು ಹೇಳದಿದ್ರ ಪ್ರಶ್ನಿ ಪೂರ್ತಿ ಆಗೂದಿಲ್ರಿ.”

“ಅವ್ನು ಗೊತ್ತಿದ್ದೂ ಹೋಗಿ ನಿಂತಿದ್ದು ಹೌದೋ ಅಲ್ವೋ? ಅದನ್ನ ಬರೀರಿ.”

ನಾನು ಆ ಕಾಗದ ಮಡಿಚಿಟ್ಟು ಇನ್ನೊಂದು ತೆಗೆದುಕೊಂಡೆ. ‘ಇಮಾಮನ ನಂಬಿಕೆ ಏನೆಂದು ಗೊತ್ತಿದ್ದೂ, ಅವನನ್ನು ಮುಸಲ್ಮಾನನೆಂದೇ ಎಣಿಸಿ, ಜೈದ್ ಅವನ ಹಿಂದೆ ಜನಾಜಾ ನಮಾಜು ಮಾಡಿದ್ದಾನೆ’ ಎಂದು ಬರೆದೆ. ‘ಗೊತ್ತಿದ್ದೂ’, ‘ಎಣಿಸಿ’ ಈ ಎರಡು ಮಾತುಗಳ ತೂಕ ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಧರ್ಮ ಬಿಟ್ಟವನೆಂದು ನಮ್ಮವರು ತೀರ್ಮಾನಿಸಿದವನನ್ನು ಗೊತ್ತಿದ್ದೂ ಮುಸಲ್ಮಾನನೆಂದು ಎಣಿಸಿದವನೂ ಧರ್ಮ ಬಿಟ್ಟಂತೆ ಎಂಬುದು ನಮ್ಮ ಕಡೆಯ ಮುಫ್ತಿಗಳ ಲೆಕ್ಕ. ಚಾಚಾ ಯಾರನ್ನು ಏನೆಂದು ಎಣಿಸಿದ್ದ ಎಂದು ನಾವ್ಯಾರೂ ಕೇಳಿರಲಿಲ್ಲ. ನಮ್ಮ ಹಳೆಯ ಫಿಕ್ಹ್ ಗ್ರಂಥಗಳು, ಅಂದರೆ ಧರ್ಮಶಾಸ್ತ್ರದ ಪುಸ್ತಕಗಳು, ಈ ವಿಷಯದಲ್ಲಿ ಬಹಳ ಹೆದರಿ ಹೆದರಿ ಹೆಜ್ಜೆ ಇಡುತ್ತವೆ. ಒಬ್ಬನ ನಡೆಗೆ ಅವನನ್ನು ಧರ್ಮದೊಳಗೆ ಉಳಿಸುವ ಅರ್ಥ ಒಂದೇ ಒಂದು ಇದ್ದರೂ ಮುಫ್ತಿ ಅದನ್ನೇ ಹಿಡಿಯಬೇಕೆಂದು ನಾನೇ ಓದಿದ್ದೆ. ಆ ಒಂದು ಅರ್ಥ ‘ತಮ್ಮ’ ಎಂಬ ಪದದಲ್ಲಿತ್ತು. ಅದನ್ನು ಬಿಟ್ಟು ಬರೆದು, ಜಮಾತಿನ ಮೊಹರು ಹಾಕಿಸಿ, ಅಂಚೆಗೆ ಹಾಕಿದೆ.

ಉತ್ತರ ನಾನು ಅಂದುಕೊಂಡಂತೆಯೇ ಬಂತು. ಪ್ರಶ್ನೆಯಲ್ಲಿ ಹೇಳಿದ್ದು ನಿಜವಾಗಿದ್ದರೆ ಜೈದ್ ತಪ್ಪೊಪ್ಪಿ ತೌಬಾ ಮಾಡಿ, ನಂಬಿಕೆಯ ಸಾಕ್ಷಿವಾಕ್ಯವಾದ ಕಲಿಮಾ ಓದಿ ಈಮಾನನ್ನು ಹೊಸದು ಮಾಡಿಕೊಳ್ಳಬೇಕು. ಹೆಂಡತಿಯಿದ್ದರೆ, ಗಂಡು ಹೆಣ್ಣಿಗೆ ಕೊಡಬೇಕಾದ ಮೆಹರನ್ನು ಹೊಸದಾಗಿ ಕೊಟ್ಟು ನಿಕಾಹನ್ನೂ ಹೊಸದು ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಇಬ್ಬರೂ ಬೇರೆ ಇರಬೇಕು. ‘ನಿಜವಾಗಿದ್ದರೆ’ ಎಂಬ ಪದವನ್ನು ಕಮಿಟಿಯಲ್ಲಿ ಯಾರೂ ಎರಡನೇ ಸಲ ಓದಲಿಲ್ಲ.

ಹೇಳಿ ಬರಲು ನನ್ನನ್ನೇ ಕಳಿಸಿದರು.

ಅಂಗಡಿಯಲ್ಲಿ ಇಬ್ಬರೂ ಕೆಲಸದಲ್ಲಿದ್ದರು. ಯಾರದೋ ಮದುವೆಯ ಗಾದಿ. ಚಾಚಾ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಿಷನ್ನಿಗೆ ಹತ್ತಿ ಕೊಡುತ್ತಿದ್ದ. ಚಾಚಿ ಕಾಲು ಚಾಚಿ ಕೂತು ಅಂಚು ಹೊಲಿಯುತ್ತಿದ್ದಳು. ನಾನು ಹೇಳಬೇಕಾದ್ದನ್ನು ತಗ್ಗಿದ ದನಿಯಲ್ಲಿ ಹೇಳಿದೆ. ಚಾಚಾ ಮಿಷನ್ ನಿಲ್ಲಿಸಿ, “ಕೇಳಲಿಲ್ಲ, ಇನ್ನೊಂದ್ಸಲ ಹೇಳಿ ಹಜರತ್” ಎಂದ. ಆ ಮೌನದಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು.

“ಅವ್ನು ನನ್ ತಮ್ಮ ಅಲ್ವಾ?” ಎಂದ ಚಾಚಾ. ಸಿಟ್ಟಿನಿಂದಲ್ಲ. ನನಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು, ತಿಳಿಸುವವನ ಹಾಗೆ.

“ಗೊತ್ತದ ಚಾಚಾ.”

“ನಾನು ಅಲ್ಲಿ ಯಾರು ಮುಂದೆ ನಿಂತಿದ್ದು ಅಂತ ನೋಡ್ಲೇ ಇಲ್ಲ. ಅವನನ್ನ ಮಲಗಿಸಿದ್ದ ಡೋಲಿ ಮಾತ್ರ ನೋಡ್ತಾ ಇದ್ದೆ.”

ಚಾಚಿ ದಬ್ಬಳವನ್ನು ಗಾದಿಗೆ ಚುಚ್ಚಿ ಹಾಗೇ ಬಿಟ್ಟು ಒಳಗೆ ಎದ್ದು ಹೋದಳು.

ಚಾಚಾ ಒಪ್ಪಿಕೊಂಡ. ಒಪ್ಪದೆ ಅವನಿಗೆ ದಾರಿಯೂ ಇರಲಿಲ್ಲ. ಮೊಮ್ಮಗಳ ಮದುವೆ ಸಿದ್ದಾಪುರದ ಕಡೆಯ ಹುಡುಗನೊಂದಿಗೆ ಗೊತ್ತಾಗಿತ್ತು. ಹುಡುಗಿಯ ಜಮಾತಿನಿಂದ ಒಪ್ಪಿಗೆಯ ಚೀಟಿ ಬಾರದೆ ಆ ಕಡೆಯ ಜಮಾತಿನವರು ನಿಕಾಹ್ ದಾಖಲು ಮಾಡುವುದಿಲ್ಲ. ಚೀಟಿಗೆ ಸಹಿ ಅಧ್ಯಕ್ಷರದು.

ಮಾರನೆಯ ದಿನದಿಂದ ಚಾಚಾ ಅಂಗಡಿಯಲ್ಲೇ ಮಲಗತೊಡಗಿದ. ಬೆಳಗಿನ ನಮಾಜು ಮುಗಿಸಿ ನಾನು ಹಾಲಿಗೆ ಹೋಗುವಾಗ ಅವನು ಅಂಗಡಿ ಬಾಗಿಲಲ್ಲಿ ಮುಖ ತೊಳೆಯುತ್ತಿರುತ್ತಿದ್ದ. ಮೈಮೇಲೆಲ್ಲ ಹತ್ತಿ. ಮನೆಯಿಂದ ಚಹಾ ತರುವುದು ಮೊಮ್ಮಗಳು. ಪಕ್ಕದ ಅಂಗಡಿಯವರು ಮನೆಯಲ್ಲಿ ಜಗಳವೇ ಎಂದು ಕೇಳಿದರೆ, “ಆರ್ಡರು ಜಾಸ್ತಿ” ಎನ್ನುತ್ತಿದ್ದನಂತೆ. ಊರಿಗೆಲ್ಲ ಮಲಗಲು ಮೆತ್ತನೆಯ ಜಾಗ ಮಾಡಿಕೊಟ್ಟ ಮುದುಕನನ್ನು ನಾನು ಮನೆಯಿಂದ ಹೊರಗೆ ಹಾಕಿಸಿದ್ದೆ. ಆ ರಸ್ತೆ ಬಿಟ್ಟು ಸುತ್ತು ಬಳಸಿ ಹಾಲು ತರತೊಡಗಿದೆ.

ತಡೆಯಲಾರದೆ ನನಗೆ ಪಾಠ ಹೇಳಿದ ಉಸ್ತಾದರಿಗೆ ಫೋನು ಮಾಡಿದೆ. ಅವರು ಈಗ ಹಾವೇರಿಯಲ್ಲಿದ್ದಾರೆ, ವಯಸ್ಸಾಗಿದೆ. ಎಲ್ಲ ಕೇಳಿ, “ಪ್ರಶ್ನಿ ಬರದಾವರು ಯಾರು?” ಎಂದರು.

“ನಾನ ರೀ.”

“ತಮ್ಮ ಅನ್ನೂದು ಬರದಿಯೇನು?”

“ಇಲ್ಲ.”

“ಮುಫ್ತಿಗೆ ಏನ್ ಕೇಳ್ತೀವಿ ಅದಕ್ಕ ಅವ ಉತ್ತರ ಕೊಡ್ತಾನ. ಅದು ಕೋರ್ಟಿನ ಹುಕುಮ್ ಅಲ್ಲ. ಪೂರಾ ಬರದು ಮತ್ತ ಕೇಳು. ಸಲಾಂ ಹೇಳಿದವನಿಗೆ ‘ನೀ ಮೋಮಿನ್ ಅಲ್ಲ’ ಅನ್ನಬ್ಯಾಡ್ರಿ ಅಂತ ಅಲ್ಲಾಹ್ ನಮಗ ಹೇಳ್ಯಾನ. ಅದನ್ನ ನಿನಗ ನಾ ಕಲಿಸಿದ್ದೆ” ಎಂದು ಫೋನಿಟ್ಟರು.

ಎರಡನೆಯ ಪ್ರಶ್ನೆ ಬರೆದೆ. ತಮ್ಮನ ಸಾವು, ಚಾಚಾನ ವಯಸ್ಸು, ಅವನಿಗೆ ಈ ವಾದಗಳ ತಿಳಿವಳಿಕೆ ಇಲ್ಲದ್ದು, ಎಲ್ಲವನ್ನೂ ಸೇರಿಸಿದೆ. ಮೊಹರಿಗಾಗಿ ಅಧ್ಯಕ್ಷರ ಡಿಪೋಗೆ ಹೋದೆ. ಅವರು ಓದಲೂ ಇಲ್ಲ.

“ಒಂದೇ ವಿಷಯಕ್ಕೆ ಎರಡು ಸಲ ಕೇಳಿದ್ರೆ ಜನ ನಗಾಡ್ತಾರೆ. ಮುದುಕನಿಗೇ ಅಡ್ಡಿ ಇಲ್ಲ, ನಿಮಗೆಂತ? ಅರ್ಧ ಗಂಟೆ ಕೆಲಸ. ಕಲಿಮಾ ಓದೋದು, ಕಬೂಲ್, ಒಪ್ಪಿದೀನಿ ಅನ್ನೋದು, ಖರ್ಜೂರ ತಿಂದು ಮನೆಗೆ ಹೋಗೋದು.” ಕಾಗದವನ್ನು ನನ್ನ ಕೈಗೆ ವಾಪಸಿಟ್ಟು, “ರಮಜಾನ್ ಹತ್ತಿರ ಬಂತು. ಬೇರೆ ಇಮಾಮನ್ನ ಹುಡ್ಕೋದು ನಮಗೂ ಕಷ್ಟ” ಎಂದರು.

ಮೊಹರಿಲ್ಲದೆ ನನ್ನದೇ ಹೆಸರಿನಲ್ಲಿ ಅದನ್ನು ಕಳಿಸಬಹುದಿತ್ತು. ಯಾವ ಮುಫ್ತಿಯೂ ಮೊಹರು ಕೇಳುವುದಿಲ್ಲ. ನಾನು ಕಳಿಸಲಿಲ್ಲ. ಅರ್ಧ ಗಂಟೆ ಕೆಲಸ ಎಂಬ ಅವರ ಮಾತು ನನಗೂ ಅನುಕೂಲವಾಗಿ ಕಂಡಿತು. ಬೇಗ ಮುಗಿಸಿದರೆ ಚಾಚಾ ಮನೆಗೆ ಹೋಗುತ್ತಾನೆ, ಮೊಮ್ಮಗಳ ಮದುವೆಯಾಗುತ್ತದೆ, ನಾನೂ ಉಳಿಯುತ್ತೇನೆ.

ಮರುನಿಕಾಹಿಗೆ ಒಂದು ಮಧ್ಯಾಹ್ನ ಗೊತ್ತಾಯಿತು. ಚಾಚಾ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದ. ಮೊದಲು ಕಲಿಮಾ. ನಾನು ಒಂದೊಂದೇ ಪದ ಹೇಳಿದೆ, ಅವನು ನನ್ನ ಹಿಂದೆಯೇ ಹೇಳಿದ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತು ಆ ದಿನ ಅವನ ಬಾಯಲ್ಲಿ ತಡವರಿಸಿತು. ಎಲ್ಲಿ ತಪ್ಪುತ್ತೇನೋ ಎಂದು ಹೆದರಿ ನನ್ನ ತುಟಿಯನ್ನೇ ನೋಡುತ್ತಿದ್ದ, ಹೊಸಬರು ನೋಡುವ ಹಾಗೆ.

ಮೆಹರ್ ಏನು ಕೊಡುತ್ತೀಯ ಎಂದು ಕೇಳಿದಾಗ, “ಒಂದು ಗಾದಿ ಮಾಡಿದೀನಿ. ಬೂರುಗದ ಹತ್ತಿದು” ಎಂದ. “ಊರಿಗೆಲ್ಲ ಮಾಡಿದ್ದಾಯ್ತು, ಅವಳಿಗೆ ಹೊಸದು ಅಂತ ಯಾವತ್ತೂ ಮಾಡಿರ್ಲಿಲ್ಲ.” ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ, ತಲೆ ತಗ್ಗಿಸಿದರು. ಬೆಲೆಯಿರುವ ಯಾವ ವಸ್ತುವಾದರೂ ಮೆಹರ್ ಆಗುತ್ತದೆ. ಆಗಬಹುದು ಎಂದೆ.

ಇನ್ನು ಹೆಣ್ಣಿನ ಒಪ್ಪಿಗೆ. ಅದನ್ನು ಕೇಳಲು, ಹೆಣ್ಣಿನ ಪರವಾಗಿ ಮಾತಾಡುವ ಒಬ್ಬ ವಕೀಲ್ ಮತ್ತು ಇಬ್ಬರು ಸಾಕ್ಷಿಗಳು ಅವಳಿರುವಲ್ಲಿಗೆ ಹೋಗುವುದು ಕ್ರಮ. ವಕೀಲನಾಗಿ ಕಮಿಟಿಯ ಕಾರ್ಯದರ್ಶಿ, ಸಾಕ್ಷಿಗಳಾಗಿ ಇಬ್ಬರು ಹಿರಿಯರು ಹೊರಟರು. ಮಾತು ತಪ್ಪಬಾರದೆಂದು ನನ್ನನ್ನೂ ಕರೆದರು. ಚಾಚಾನನ್ನು ಮಸೀದಿಯಲ್ಲೇ ಕೂರಿಸಿ ಅವನ ಮನೆಗೆ ಹೋದೆವು. ಚಾಚಿ ಪರದೆಯ ಹಿಂದೆ ಕೂತಿದ್ದಳು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ಇಂಥವರ ಮಗ ಇಂಥವರೊಂದಿಗೆ, ಒಂದು ಗಾದಿ ಮೆಹರಿಗೆ, ನಿಮ್ಮ ನಿಕಾಹ್ ಮಾಡಿಸಲು ನನಗೆ ಅನುಮತಿ ಇದೆಯೇ ಎಂದು ಕೇಳಿದ.

“ಇಲ್ಲ” ಎಂದಳು ಚಾಚಿ.

ಕೇಳಿಸಲಿಲ್ಲವೇನೋ ಎಂದು ಅವನು ಇನ್ನೊಮ್ಮೆ ಕೇಳಿದ.

“ಕಿವಿ ನೆಟ್ಟಗಿದೆ ನಂಗೆ. ಇಲ್ಲ ಅಂದೆ. ಗಂಡ ಬದುಕಿರೋ ಹೆಂಗಸಿಗೆ ಇನ್ನೊಂದು ನಿಕಾಹ್ ಮಾಡಿಸ್ತೀರಾ ನೀವು?”

“ಚಾಚಿ, ಅದೇ ಗಂಡ. ಹೊಸದು ಮಾಡ್ಕೊಳ್ಳೋದು ಅಷ್ಟೇ” ಎಂದ ಕಾರ್ಯದರ್ಶಿ.

“ನಾನು ಈಗ ಹೂಂ ಅಂದ್ರೆ ಮೈದುನ ಸತ್ತ ದಿನದಿಂದ ಅವ್ರು ಅಂಗಡಿಗೆ ಹೋಗಿ ಮಲಗೋವರೆಗೂ ನಾನು ಯಾರ ಜೊತೆ ಇದ್ದೆ ಅಂತಾಯ್ತು? ಮೊಮ್ಮಗಳ ಎದುರಿಗೆ ಈ ಮಾತು ಕೇಳಿಸ್ತಿದೀರಲ್ಲ, ನಾಚಿಕೆ ಆಗಲ್ವಾ?”

ಪರದೆಯ ಹಿಂದಿನಿಂದ ಮತ್ತೆ ದನಿ ಬಂತು. ಈ ಸಲ ನನಗೆ.

“ಹಜರತ್ ಇದ್ದಾರಾ ಅಲ್ಲಿ?”

“ಅದೀನಿ ಚಾಚಿ.”

“ನನ್ ಮೈದುನ ನಿಮಗೆ ಚಳಿಗಾಲದಲ್ಲಿ ರಜಾಯಿ ತಂದ್ಕೊಟ್ಟಿದ್ದ. ನೆನಪಿದ್ಯಾ ಬೇಟಾ? ಕೆಳಗಿನ ಮಸೀದಿಯವನು ಕೊಟ್ಟಿದ್ದು ಅಂತ ನೀವು ಹೊದ್ಕೊಳ್ಳದೆ ಬಿಟ್ರಾ?”

ಅದುವರೆಗೆ ಅವಳು ನನ್ನನ್ನು ಯಾವತ್ತೂ ಬೇಟಾ ಎಂದಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

ವಾಪಸು ಬರುವಾಗ ಕಾರ್ಯದರ್ಶಿ ನನ್ನ ಭುಜ ಹಿಡಿದು, “ಹೆಂಗಸು ಸಿಟ್ಟಲ್ಲಿ ಅಂದಿದ್ದು. ಅವರಿಗೂ ಗಂಡ ಮನೆಗೆ ಬರೋದು ಬೇಕಲ್ಲ. ಒಪ್ಪಿದ್ರು ಅಂತ ಹೇಳುವಾ. ಯಾರು ಹೋಗಿ ಕೇಳ್ತಾರೆ?” ಎಂದ. ಸಾಕ್ಷಿಗಳಿಬ್ಬರೂ ನೆಲ ನೋಡುತ್ತ ನಡೆಯುತ್ತಿದ್ದರು. ಅವರು ಬೇಡ ಎನ್ನುತ್ತಿರಲಿಲ್ಲ ಎಂದು ಈಗಲೂ ನನಗನಿಸುತ್ತದೆ. ಸುಳ್ಳು ಹೇಳುವುದು ಅಷ್ಟು ಸುಲಭವಾಗಿತ್ತು. ನಾನು ಆಗಲೇ ಒಂದು ಹೇಳಿದ್ದೆ, ವಜೂ ಇಲ್ಲ ಎಂದು. ಒಂದು ಪ್ರಶ್ನೆಯನ್ನು ಅರ್ಧ ಬರೆದಿದ್ದೆ. ಇದು ಮೂರನೆಯದಾಗುತ್ತಿತ್ತು.

ಮಸೀದಿಯಲ್ಲಿ ಚಾಚಾ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದ. ಎದುರಿಗೆ ಖರ್ಜೂರದ ತಟ್ಟೆ. ನಮ್ಮನ್ನು ಕಂಡು, “ಏನಂದ್ಳು?” ಎಂದ.

ಕಾರ್ಯದರ್ಶಿ ಬಾಯಿ ತೆರೆಯುವ ಮೊದಲು ನಾನು ಹೇಳಿದೆ: “ಒಪ್ಪಲಿಲ್ಲ ಚಾಚಾ. ನಿಮಗ ಆಗಲೇ ನಿಕಾಹ್ ಆಗೇದಂತ.”

ಚಾಚಾನ ಮುಖ ಒಮ್ಮೆ ಬಿಳಿಚಿತು. ಆಮೇಲೆ ಗಡ್ಡದೊಳಗೆ ಏನೋ ಸಣ್ಣಗೆ ಅಲುಗಿತು. “ಅವಳು ಹಾಗೇ” ಎಂದ. “ಹಾಗಾದ್ರೆ ನಾನು ಈಗ ಮನೆಗೆ ಹೋಗ್ಬೋದಾ, ಅಂಗಡಿಗಾ?”

“ಮನೀಗೆ ಹೋಗ್ರಿ.”

“ಹಜರತ್!” ಎಂದರು ಅಧ್ಯಕ್ಷರು.

ನಾನು ಎದ್ದು ನಿಂತೆ. ಪ್ರಶ್ನೆ ಬರೆದವನು ನಾನು, ಅದು ಅರ್ಧ ಪ್ರಶ್ನೆ ಎಂದೆ. ಸತ್ತವನು ಜೈದ್‌ನ ತಮ್ಮ ಎಂಬುದನ್ನು ನಾನು ಮುಫ್ತಿಯವರಿಂದ ಮುಚ್ಚಿಟ್ಟೆ. ಚಾಚಾ ಯಾರನ್ನು ಏನೆಂದು ಎಣಿಸಿದ್ದ ಎಂದು ನಾವು ಕೇಳದೆಯೇ ಅವನ ಪರವಾಗಿ ಬರೆದೆವು. ಆ ಉತ್ತರ ಈ ಮನುಷ್ಯನಿಗೆ ಸಂಬಂಧಿಸಿದ್ದಲ್ಲ. ಅವನ ಈಮಾನೂ ಹೋಗಿಲ್ಲ, ನಿಕಾಹೂ ಮುರಿದಿಲ್ಲ. ತಪ್ಪಿದ್ದರೆ ನಾಳೆ ಅಲ್ಲಾಹನ ಎದುರು ನಾನು ಉತ್ತರ ಕೊಡುತ್ತೇನೆ.

“ನೀವು ಯಾರು ಹೇಳೋಕೆ? ಮುಫ್ತಿಯಾ?” ಎಂದು ಹಿಂದಿನಿಂದ ಒಬ್ಬ ಕೂಗಿದ.

“ಅಲ್ಲ. ಬರದಾಂವ” ಎಂದೆ.

ಮುಂದಿನ ಶುಕ್ರವಾರ ಅದನ್ನೇ ಪ್ರವಚನದಲ್ಲಿ ಮಿಂಬರಿನ ಮೇಲಿಂದ ಹೇಳಿದೆ. ಕೆಲವರು ಮಾತಿನ ನಡುವೆಯೇ ಎದ್ದುಹೋದರು. ರಮಜಾನಿಗೆ ಮೊದಲೇ ನನ್ನ ಕೆಲಸ ಹೋಯಿತು. ಅದರ ಬಗ್ಗೆ ನನಗೆ ದೂರಿಲ್ಲ. ಅಧ್ಯಕ್ಷರು ಎಲ್ಲರೆದುರು ಬೈದರು, ಆದರೆ ನಾನು ಹೊರಡುವ ದಿನ ನನ್ನ ಪೆಟ್ಟಿಗೆಯನ್ನು ತಮ್ಮ ಜೀಪಿನಲ್ಲೇ ಶಿರಸಿಗೆ ಕಳಿಸಿಕೊಟ್ಟರು.

ಮೊಮ್ಮಗಳ ಮದುವೆಯ ಚೀಟಿಗೆ ಮಾತ್ರ ಅವರು ಸಹಿ ಮಾಡಲಿಲ್ಲ. ಸುದ್ದಿ ತಿಳಿದು ಕೆಳಗಿನ ಮಸೀದಿಯ ಇಮಾಮರು ನಾಲ್ಕು ಜನರನ್ನು ಕರೆದುಕೊಂಡು ಚಾಚಾನ ಅಂಗಡಿಗೆ ಬಂದರು. ನಾನು ಇನ್ನೂ ಊರು ಬಿಟ್ಟಿರಲಿಲ್ಲ, ಆ ಹೊತ್ತಿಗೆ ಅಲ್ಲಿದ್ದೆ. ನಮ್ಮ ಕಡೆಯಿಂದ ಚೀಟಿ ಕೊಡುತ್ತೇವೆ ಎಂದರು. ಕೇಳಿ ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರ ಜೊತೆಯವನೊಬ್ಬ ಹೇಳಿದ: “ಆದ್ರೆ ಒಂದು ಬರ್ಕೊಡ್ಬೇಕಾಗ್ತದೆ ಚಾಚಾ. ಇಷ್ಟು ವರ್ಷ ಫಾತಿಹಾ, ದರ್ಗಾ ಅಂತ ಮಾಡಿದ್ದು ತಪ್ಪು, ತೌಬಾ ಮಾಡಿದೀನಿ ಅಂತ.”

ಚಾಚಾ ನನ್ನ ಮುಖ ನೋಡಿದ. ನಾನು ಆ ಇಮಾಮರ ಮುಖ ನೋಡಿದೆ. ಅವರಿಗೂ ನನ್ನಷ್ಟೇ ವಯಸ್ಸು. ಅವರು ಕೈಯಲ್ಲಿದ್ದ ಕಾಗದವನ್ನು ಮಡಿಚುತ್ತ ನನ್ನ ಕಣ್ಣು ತಪ್ಪಿಸಿದರು. ಅವರಿಗೂ ಒಂದು ಕಮಿಟಿ ಇತ್ತು; ಅದು ಯಾರ ಮಾತಿಗೆ ಬರೆದ ಕಾಗದ ಎಂದು ನಾನು ಕೇಳಬೇಕಾಗಿರಲಿಲ್ಲ.

“ನಮ್ ಅಪ್ಪ ಅಮ್ಮನ ಹೆಸರಲ್ಲಿ ಫಾತಿಹಾ ಓದ್ಸಿದ್ದು ತಪ್ಪು ಅಂತ ನಾನು ಹ್ಯಾಗೆ ಬರೀಲಿ?” ಎಂದ ಚಾಚಾ. “ಬರಿಯೋದು ಸಾಕು ಮಾಡಿ. ಚಹಾ ಕುಡ್ಕೊಂಡು ಹೋಗಿ.”

ಕೊನೆಗೆ ಹುಡುಗನ ತಂದೆಯೇ ಸಿದ್ದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. “ನಮ್ಮ ಜಮಾತಿಗೆ ನಾನು ಹೇಳ್ತೆ. ಹುಡುಗಿ ಯಾರ ಮನೆಯವಳು ಅಂತ ನಂಗೆ ಗೊತ್ತು, ಅಷ್ಟು ಸಾಕು” ಎಂದರು. ಅಲ್ಲಿಯ ಕಮಿಟಿಯಲ್ಲಿ ಅವರು ಏನೇನು ಕೇಳಿಸಿಕೊಳ್ಳಬೇಕಾಯಿತೋ ನಮಗೆ ಹೇಳಲಿಲ್ಲ. ಮದುವೆ ಚಾಚಾನ ಮನೆಯ ಅಂಗಳದಲ್ಲಿ ಆಯಿತು. ಕೆಲಸವಿಲ್ಲದ ಇಮಾಮನಾಗಿ ನಾನೇ ನಿಕಾಹ್ ಓದಿದೆ. ಹುಡುಗಿಯ ಒಪ್ಪಿಗೆ ಕೇಳಿಬಂದ ಹಿರಿಯರು, ಅವಳು ಬಾಯಿ ಬಿಟ್ಟು ಹೂಂ ಎಂದಳೆಂದು ನಾನು ಕೇಳದೆಯೇ ಎರಡೆರಡು ಸಲ ಹೇಳಿದರು. ಎರಡೂ ಮಸೀದಿಯವರಲ್ಲಿ ಬಂದವರು ಸ್ವಲ್ಪವೇ ಜನ. ಊಟಕ್ಕೆ ಅವರೂ ಬೇರೆ ಬೇರೆ ಚಾಪೆ ನೋಡಿಕೊಂಡು ಕೂತರು.

ಈಗ ನಾನು ಶಿರಸಿಯಲ್ಲಿ ಮಕ್ಕಳಿಗೆ ಕುರಾನ್ ಓದಲು ಕಲಿಸುತ್ತೇನೆ. ಯಾವ ಮಸೀದಿ ಹತ್ತಿರವಿದೆಯೋ ಅಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಫತ್ವಾದ ಪ್ರಶ್ನೆ ಬರೆದುಕೊಡಿ ಎಂದು ಯಾರಾದರೂ ಬಂದರೆ, ಯಾರ ಬಗ್ಗೆ ಕೇಳುತ್ತಿದ್ದೀರೋ ಅವರನ್ನೇ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಹೆಚ್ಚಿನವರು ಮತ್ತೆ ಬರುವುದಿಲ್ಲ.

ಚಾಚಾ ಹತ್ತಿ ಕೊಳ್ಳಲು ಶಿರಸಿಗೆ ಬಂದಾಗ ನನ್ನಲ್ಲಿಗೂ ಬರುತ್ತಾನೆ. ಹೋದ ಸಲ ಬಂದಾಗ ಮಕ್ಕಳೆಲ್ಲ ಮನೆಗೆ ಹೋಗುವವರೆಗೆ ಸುಮ್ಮನೆ ಕೂತಿದ್ದ. ಆಮೇಲೆ ಸ್ವಲ್ಪ ಹತ್ತಿರ ಸರಿದು ಕೇಳಿದ:

“ಹಜರತ್, ನಿಜ ಹೇಳಿ. ನಂದು ಈಮಾನು ಹೋಗಿರ್ಲಿಲ್ಲ ಅಲ್ವಾ?”

“ಇಲ್ಲ ಚಾಚಾ. ಎಲ್ಲರ ಎದುರಿಗೆ ಹೇಳಿದ್ನಲ್ಲ ನಾನು.”

“ಹೌದು, ಹೇಳಿದ್ರಿ.” ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. “ಆದ್ರೂ ನಾನು ಒಂದು ಮಾಡ್ತೀನಿ. ಮಲಗೋ ಮುಂಚೆ ಕಲಿಮಾ ಒಂದ್ಸಲ ಓದ್ಕೊಳ್ತೀನಿ. ಆಮೇಲೆ ಅವಳ ಕಡೆ ತಿರುಗಿ ಮನಸ್ಸಲ್ಲೇ ಕಬೂಲ್ ಅಂತೀನಿ. ದಿನಾ. ಎಲ್ಲಾದ್ರೂ ಈಮಾನು ಹೋಗಿದ್ರೆ ಅಂತ.” ನನ್ನ ಕೈ ಹಿಡಿದುಕೊಂಡ. “ಅವಳಿಗೆ ಹೇಳ್ಬೇಡಿ. ಗೊತ್ತಾದ್ರೆ ಬೈತಾಳೆ.”

ಹೇಳುವುದಿಲ್ಲ ಎಂದೆ. ಅವನು ಟೋಪಿ ಹಾಕಿಕೊಂಡು, ಹತ್ತಿಯ ಮೂಟೆ ಹೊತ್ತು, ಯಲ್ಲಾಪುರದ ಬಸ್ಸಿಗೆ ಹೊರಟ. ನಾನು ಬಾಗಿಲಲ್ಲೇ ನಿಂತಿದ್ದೆ. ಮೂಟೆ ಎತ್ತಿಕೊಡಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ಅವನು ರಸ್ತೆ ದಾಟಿಯಾಗಿತ್ತು.